ಮಹಡಿಯಿಂದ ಬರುವ ಎಣಿಕೆ

ಆ ಬೀದಿಯಲ್ಲಿ ಅರ್ಧಕ್ಕರ್ಧ ಜನ ಹಾಸಿಗೆಯಣ್ಣ ಮಾಡಿಕೊಟ್ಟ ಹಾಸಿಗೆಯ ಮೇಲೆಯೇ ಮಲಗಿ ಏಳುವವರು. ಅಂಥವನ ಹೆಂಡತಿಯೇ ಒಂದು ದಿನ ಚಾಪೆ ಕಂಕುಳಲ್ಲಿ ಇರುಕಿಕೊಂಡು ಮಂಚದಿಂದ ನೆಲಕ್ಕಿಳಿದರೆ ಅವನಿಗೆ ಹೇಗಾಗಿರಬೇಡ? ಯಾರಿಗಾದರೂ ಗೊತ್ತಾದರೆ ಅಂಗಡಿಯ ಮಾನ ಹರಾಜಾಗುತ್ತದೆ ಎನ್ನುವುದು ಅವನು ಬಾಯಿಬಿಟ್ಟು ಹೇಳಿಕೊಂಡ ಸಂಕಟ. ಹೇಳಿಕೊಳ್ಳದ ಸಂಕಟ ಬೇರೆಯೇ ಇತ್ತು. ಅವಳನ್ನು ನೆಲಕ್ಕಿಳಿಸಿದ್ದು ಇನ್ನೊಬ್ಬ ಗಂಡಸಿನ ಮಾತು.

ಹಾಸಿಗೆಯಣ್ಣನಿಗೆ ಆಗ ಐವತ್ತೆಂಟು ವರ್ಷ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ. ಹುಬ್ಬಿನ ಮೇಲೆ ವರ್ಷವಿಡೀ ಹತ್ತಿಯ ನವಿರು ಕೂತಿರುತ್ತಿತ್ತು, ಹಾಗಾಗಿ ಅವನ ಹುಬ್ಬು ನರೆತಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಂದ ಬಂದ ಕಸುಬು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಂಗಡಿಯ ತೊಲೆಯಿಂದ ಹತ್ತಿ ಹಿಂಜುವ ಬಿಲ್ಲು ತೂಗುತ್ತಿತ್ತು. ಅದರ ತಂತಿಗೆ ಅವನು ಮರದ ಕೊಡತಿಯಿಂದ ಬಾರಿಸಿದರೆ ಗಂಟುಗಂಟಾದ ಹತ್ತಿ ನೊರೆಯ ಹಾಗೆ ಎದ್ದು ಬರುತ್ತಿತ್ತು. ಒಳಗಿನ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಹಾಸಿಗೆಯ ಗವಸು ಹೊಲಿಯುತ್ತಿದ್ದಳು. ತುಂಬುವವನು ಅವನು, ಹೊಲಿಯುವವಳು ಅವಳು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಮಾತು ಒಂದೇ. "ಮೂರು ವರ್ಷಕ್ಕೊಮ್ಮೆ ಬಿಚ್ಚಿ ಹತ್ತಿ ಹಿಂಜಿಸ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಬೆನ್ನು ನಿಮ್ಮನ್ನ ಬಯ್ಯುತ್ತೆ, ನೀವು ಬಂದು ನನ್ನನ್ನ ಬಯ್ತೀರಿ."

ಇನ್ನು ಅವನ ಗುಣ. ಒಳ್ಳೆಯವನೇ, ಯಾರ ತಂಟೆಗೂ ಹೋದವನಲ್ಲ. ಆದರೆ ಹೊಟ್ಟೆಕಿಚ್ಚು ಅನ್ನುವುದು ಅವನಿಗೆ ಹಸಿವೆಯಷ್ಟೇ ಸಹಜವಾಗಿ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ, ಗಡಿಯಾರ ರಿಪೇರಿಯವನ ಕೈ ಎಷ್ಟು ಚುರುಕು ಎಂದು ಬಾಯಿತಪ್ಪಿ ಹೇಳಿಬಿಟ್ಟಿದ್ದಳು. ಅವತ್ತಿನಿಂದ ಅವರ ಮನೆಯ ಗಡಿಯಾರ ಕೆಟ್ಟರೆ ಊರಿನ ಆ ತುದಿಯ ಅಂಗಡಿಗೇ ಹೋಗಬೇಕು. ಅವಳೂ ಇದನ್ನು ತಿಳಿದುಕೊಂಡು ಯಾರನ್ನೂ ಹೊಗಳುವ ಗೋಜಿಗೆ ಹೋಗದೆ ಸಂಸಾರ ತೂಗಿಸಿದ್ದಳು.

ಬೆನ್ನು ನೋವು ಶುರುವಾದದ್ದು ಒಂದು ಹಾಸ್ಟೆಲ್ಲಿನ ನಲವತ್ತು ಗವಸು ಒಟ್ಟಿಗೆ ಹೊಲಿಯಬೇಕಾಗಿ ಬಂದಾಗ. ಯಂತ್ರದ ಮೇಲೆ ಬಗ್ಗಿ ಕೂತವಳು ಒಂದು ಸಂಜೆ ಏಳಲಿಕ್ಕೆ ಹೋಗಿ, ಅರ್ಧ ಎದ್ದು, ಅಲ್ಲೇ ನಿಂತುಬಿಟ್ಟಳು. ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಮುಟ್ಟಿ, ತಟ್ಟಿ, ಕಾಲು ಎತ್ತಿಸಿ ನೋಡಿ, ಮೂಳೆಗೇನೂ ಆಗಿಲ್ಲ, ಬೆನ್ನಿನ ಸ್ನಾಯು ಬಿಗಿದುಕೊಂಡಿವೆ ಎಂದರು. ನಾಲ್ಕು ದಿನಕ್ಕೆ ಮಾತ್ರೆ ಕೊಟ್ಟು, ಮನೆಯಲ್ಲೇ ಮಾಡಬೇಕಾದ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೈಗಿಟ್ಟರು. ಚಿತ್ರದಲ್ಲಿ ಕಣ್ಣುಮೂಗಿಲ್ಲದ ಒಬ್ಬ ಮನುಷ್ಯ ಏನೇನೋ ಭಂಗಿಯಲ್ಲಿ ಬಿದ್ದುಕೊಂಡಿದ್ದ. ಅವನು ಕಾಲು ಎತ್ತುತ್ತಿದ್ದಾನೋ ಇಳಿಸುತ್ತಿದ್ದಾನೋ ಗೊತ್ತಾಗದೆ ಅವಳು ಹಾಳೆಯನ್ನು ಮಡಚಿ ಬಿಸ್ಕತ್ತಿನ ಡಬ್ಬದ ಕೆಳಗಿಟ್ಟಳು.

ಹಾಸಿಗೆಯಣ್ಣ ಮಾಡಿದ್ದೇನು? "ಬಗ್ಗಿ ಕೂತ್ಕೋಬೇಡ ಅಂತ ಎಷ್ಟು ಸಲ ಹೇಳ್ಳಿಲ್ಲ?" ಅಂದ. ಅಷ್ಟು ಹೇಳಿ, ಹಾಸ್ಟೆಲ್ಲಿನ ಹಾಸಿಗೆ ತುಂಬಲು ಹೋದ.

ಅದೇ ವಾರ ಮಹಡಿಯಿಂದ ಸೀಟಿ ಮೇಷ್ಟ್ರು ಇಳಿದು ಬಂದರು. ಅವರು ಮೂವತ್ತಮೂರು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಅರವತ್ತೆಂಟು ವರ್ಷ, ಒಂಟಿ ಜೀವ. ಸೀಟಿ ಈಗ ಕೊರಳಲ್ಲಿ ಇರಲಿಲ್ಲ, ಆದರೆ ಗಂಟಲಲ್ಲಿ ಇತ್ತು. ಅವರು ಗುಟ್ಟು ಹೇಳಿದರೆ ಎದುರುಮನೆಯವರು ಹೂಂಗುಟ್ಟಬಹುದಾದಂಥ ದನಿ. ಬಂದವರು ಹೆಗಲ ಮೇಲಿನ ಸುರುಳಿಯನ್ನು ಅಂಗಡಿಯ ಕಟ್ಟೆಗೆ ಇಳಿಸಿದರು. ಎರಡು ವರ್ಷದ ಹಿಂದೆ ಹಾಸಿಗೆಯಣ್ಣನೇ ಅವರಿಗೆ ಮಾಡಿಕೊಟ್ಟಿದ್ದ ಹಾಸಿಗೆ.

"ಯಜಮಾನ್ರೇ, ಇದನ್ನ ಯಾರಿಗಾದ್ರೂ ಕೊಟ್ಬಿಡಿ. ಒಳ್ಳೇ ಹಾಸಿಗೆ, ಒಂದು ಮಾತು ಹೇಳೋ ಹಾಗಿಲ್ಲ. ಆದ್ರೆ ನಂಗೆ ನೆಲವೇ ಒಗ್ಗಿಹೋಗಿದೆ. ವ್ಯಾಯಾಮ ಶುರು ಮಾಡಿದ್ಮೇಲೆ ಬೆನ್ನು ನೋವು ಅನ್ನೋದೇ ಇಲ್ಲ."

ಕೆನ್ನೆಗೆ ಹೊಡೆದಂತಾಯಿತು ಹಾಸಿಗೆಯಣ್ಣನಿಗೆ. ಕಸುಬು ಹಿಡಿದ ಮೇಲೆ ಅವನು ಮಾಡಿದ ಹಾಸಿಗೆ ವಾಪಸು ಬಂದದ್ದು ಅದೇ ಮೊದಲು. ಅವನು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ ಹೆಂಡತಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಏನು ವ್ಯಾಯಾಮ ಮೇಷ್ಟ್ರೇ?"

ಮೇಷ್ಟ್ರು ಅವಳು ನಿಂತ ರೀತಿ ನೋಡಿದರು. "ಎಲ್ಲಿ ನೋಯುತ್ತಮ್ಮಾ?" ಎಂದು ಕೇಳಿದರು.

ಬಿಸ್ಕತ್ತಿನ ಡಬ್ಬದ ಕೆಳಗಿನ ಹಾಳೆ ಹೊರಗೆ ಬಂತು. ಮೇಷ್ಟ್ರ ಬಳಿಯೂ ಅಂಥದೇ ಹಾಳೆ ಇತ್ತಂತೆ. ಒಂದೊಂದು ಚಿತ್ರವನ್ನೂ ಬೆರಳಿಟ್ಟು ಬಿಡಿಸಿ ಹೇಳಿದರು. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟದ ಹಿಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಒಂದೊಂದೇ ಮಂಡಿಯನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಳ್ಳುವುದು. ಎರಡೂ ಮಂಡಿ ಜೋಡಿಸಿ ಆ ಕಡೆ ಈ ಕಡೆ ಮೆಲ್ಲಗೆ ವಾಲಿಸುವುದು. ಕೊನೆಗೆ ಪಾದ ಊರಿ ಸೊಂಟವನ್ನು ಗೇಣುದ್ದ ಎತ್ತಿ ಇಳಿಸುವುದು. "ಬಿರುಸು ಬೇಡ, ಉಸಿರು ಬಿಗಿ ಹಿಡೀಬೇಡಿ. ನೋವು ಕಾಲಿಗೆ ಇಳಿದ್ರೆ ಅಲ್ಲೇ ನಿಲ್ಲಿಸಿ ಡಾಕ್ಟ್ರ ಹತ್ರ ಹೋಗ್ಬೇಕು. ಏಳೋವಾಗ ದಡಕ್ಕಂತ ಏಳ್ಬಾರ್ದು, ಮಗ್ಗುಲಾಗಿ ಕೈಯೂರಿ ಏಳ್ಬೇಕು. ಯಂತ್ರದ ಮುಂದೆ ಅರ್ಧ ಗಂಟೆಗಿಂತ ಜಾಸ್ತಿ ಕೂರೋ ಹಾಗಿಲ್ಲ."

"ಎಷ್ಟು ಹೊತ್ತು ಹಿಡೀಬೇಕು ಅನ್ನೋದೇ ತಿಳಿಯಲ್ಲ ನೋಡಿ," ಅಂದಳು ಅವಳು.

"ಅದಕ್ಕೇನಂತೆ! ನಾನು ಬೆಳಗ್ಗೆ ಆರಕ್ಕೆ ಮಾಡ್ತೀನಿ. ಮೇಲಿಂದ ಎಣಿಸ್ತೀನಿ, ನೀವು ಕೆಳಗೆ ಕೇಳಿಸ್ಕೊಂಡು ಮಾಡಿ."

ಆ ಕಟ್ಟಡದಲ್ಲಿ ಮಹಡಿಗೂ ಕೆಳಗಿನ ಮನೆಗೂ ನಡುವೆ ಇದ್ದದ್ದು ಮರದ ಹಲಗೆ ಮಾತ್ರ. ಮರುದಿನ ಆರು ಗಂಟೆಗೆ ಮೇಲೆ ಕೋಲಿನಿಂದ ಎರಡು ಸಲ ತಟ್ಟಿದ ಸದ್ದಾಯಿತು. ಆಮೇಲೆ ಮಾಡನ್ನೇ ಸೀಳಿಕೊಂಡು ಬಂದಂತೆ ದನಿ ಬಂತು. "ಒಂದೂ... ಎರಡೂ... ಮೂರೂ..."

ಕೆಳಗೆ ಚಾಪೆಯ ಮೇಲೆ ಹೆಂಡತಿ ಉಸಿರು ಬಿಟ್ಟಳು, ಎಳೆದುಕೊಂಡಳು, ಬಿಟ್ಟಳು. ಹಾಸಿಗೆಯಣ್ಣ ಮಂಚದ ಮೇಲೆ ಕೂತು ನೋಡಿದ. ಮೇಲೆ ಒಬ್ಬ, ಅವನ ನೇರಕ್ಕೆ ಕೆಳಗೆ ಇವಳು, ಇಬ್ಬರೂ ಅಂಗಾತ, ಇಬ್ಬರದೂ ಒಂದೇ ಲೆಕ್ಕದ ಉಸಿರು. ಕಟ್ಟಿಕೊಂಡ ಹೆಂಡತಿ ಪರಗಂಡಸು ‘ಎರಡೂ’ ಎಂದಾಗ ಉಸಿರು ಬಿಡುವುದನ್ನು ಯಾವ ಗಂಡ ತಾನೇ ಸಹಿಸಿಯಾನು? ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವಳ ಮಟ್ಟಿಗೆ ಅದು ಬರೀ ಎಣಿಕೆ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೆ ಬೆಂಕಿ ಆರುತ್ತದೆಯೇ?

ಹತ್ತು ದಿನ ಕಳೆಯುವಷ್ಟರಲ್ಲಿ ಅವಳು ಗೋಡೆ ಹಿಡಿಯುವುದು ಬಿಟ್ಟಳು. ಹದಿನೈದನೇ ದಿನಕ್ಕೆ ಮಂಚವನ್ನೂ ಬಿಟ್ಟಳು.

"ಮೇಷ್ಟ್ರು ನೆಲದ ಮೇಲೆ ಮಲಗಿ ನೋಡಿ ಅಂದ್ರು. ನೋಡ್ದೆ. ಹಾಯಾಗಿದೆ ರೀ," ಅಂದಳು.

"ಮೇಷ್ಟ್ರು ಬಾವಿಗೆ ಹಾರು ಅಂದ್ರೆ ಹಾರ್ತೀಯಾ?"

"ಹಾರೋಕೆ ಸೊಂಟ ಸರಿಯಿರ್ಬೇಕಲ್ಲ. ಇನ್ನೊಂದು ತಿಂಗಳು ಹೋಗ್ಲಿ ಬಿಡಿ," ಎಂದು ನಕ್ಕಳು. ನೋವು ಬಂದ ಮೇಲೆ ಅವಳು ನಕ್ಕಿರಲಿಲ್ಲ. ಆ ನಗು ವಾಪಸು ಬಂದದ್ದಕ್ಕೆ ಖುಷಿಪಡಬೇಕಿತ್ತು ಅವನು. ಅದನ್ನು ತಂದುಕೊಟ್ಟವರು ಯಾರು ಎಂದು ಯೋಚಿಸಿ ಮುಖ ಗಂಟಿಕ್ಕಿಕೊಂಡ.

ಅವಳನ್ನು ಮತ್ತೆ ಮಂಚ ಹತ್ತಿಸಬೇಕು, ತನ್ನ ಹಾಸಿಗೆಯ ಮೇಲೆ, ತನ್ನ ಪಕ್ಕಕ್ಕೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕೆ ಮೊದಲು ಆ ಎಣಿಕೆ ಅವಳ ಕಿವಿಗೆ ಬೀಳದಂತೆ ಮಾಡಬೇಕು.

ಮರುದಿನ ಆರಕ್ಕೆ ಸರಿಯಾಗಿ ಅಂಗಡಿಗೆ ಹೋಗಿ ಬಿಲ್ಲಿಗೆ ಬಾರಿಸತೊಡಗಿದ. ಟೊಂಯ್, ಟೊಂಯ್, ಟೊಂಯ್. ಇಡೀ ಬೀದಿ ಎದ್ದು ಕೂತಿತು. ಚಹಾ ಅಂಗಡಿಯವನು ಬಾಗಿಲು ತೆಗೆಯುತ್ತಿದ್ದವನು ಬಂದು ಇಣುಕಿದ. "ಏನಣ್ಣಾ, ಮೇಲೆ ಡ್ರಿಲ್ಲು, ಕೆಳಗೆ ಬ್ಯಾಂಡು! ಯಾವತ್ತು ಮೆರವಣಿಗೆ?" ಎಂದು ಕಿಸಕ್ಕೆಂದ. ಹಾಸಿಗೆಯಣ್ಣ ಹಲ್ಲು ಕಡಿದುಕೊಂಡು ಬಾರಿಸಿದ. ಮೇಲಿನ ದನಿ ಇನ್ನೂ ಏರಿತು. ಸಂಜೆ ಮೇಷ್ಟ್ರು ಎದುರಾದವರೇ ಅವನ ಬೆನ್ನು ತಟ್ಟಿದರು. "ಭಲೇ ಯಜಮಾನ್ರೇ! ನಿಮ್ಮ ಬಿಲ್ಲಿನ ತಾಳ ಸಿಕ್ಕಿದ್ಮೇಲೆ ಎಣಿಕೆ ಎಷ್ಟು ಚೆನ್ನಾಗಿ ಬಂತು ಅಂತೀರಿ! ದಿನಾ ಬಾರಿಸಿ." ಮರುದಿನದಿಂದ ಬಿಲ್ಲು ಎಂಟು ಗಂಟೆಯ ಮುಂಚೆ ಸದ್ದು ಮಾಡಲಿಲ್ಲ.

ಒಂದು ವಾರ ಹಾಗೇ ಕುದಿಯುತ್ತ ಕೂತ. ನಂತರ ಒಂದು ಬೆಳಗ್ಗೆ ತಡೆಯಲಾಗದೆ, ಎಣಿಕೆ ನಡೆಯುತ್ತಿರುವಾಗಲೇ ಮೆಟ್ಟಿಲು ಹತ್ತಿದ. ಏನು ನೋಡಬೇಕೆಂದು ಹತ್ತಿದನೋ ಅವನಿಗೇ ತಿಳಿಯದು. ಬಾಗಿಲು ಅರ್ಧ ತೆರೆದಿತ್ತು. ಖಾಲಿ ಕೋಣೆ, ಒಂದು ಕುರ್ಚಿ, ಗೂಟಕ್ಕೆ ಒಂದು ಅಂಗಿ. ನೆಲದ ಮೇಲೆ ಮೇಷ್ಟ್ರು ಮಾಸಿದ ಚಡ್ಡಿಯಲ್ಲಿ ಅಂಗಾತ ಬಿದ್ದಿದ್ದರು. ಬಲ ಮಂಡಿಯನ್ನು ಎದೆಗೆ ಅಪ್ಪಿಕೊಂಡು, ಕಣ್ಣು ಮುಚ್ಚಿ ಎಣಿಸುತ್ತಿದ್ದರು. ಕಾಲು ಕಡ್ಡಿಯ ಹಾಗಿದ್ದವು. ಬಾಯಲ್ಲಿ ಹಲ್ಲಿನ ಸೆಟ್ಟೂ ಇರಲಿಲ್ಲ. ಇವರ ಮೇಲೆಯೇ ತಾನು ಇಷ್ಟು ದಿನ ಹಲ್ಲು ಕಡಿದದ್ದು? ಹಾಸಿಗೆಯಣ್ಣನಿಗೆ ಇನ್ನೇನು ನಗು ಬರಬೇಕು, ಅಷ್ಟರಲ್ಲಿ ಮೇಷ್ಟ್ರು "ಆರೂ" ಎಂದವರು ಸುಮ್ಮನಾದರು. ಬಲಗಾಲು ಇಳಿಸಿ, ಎಡಗಾಲು ಎತ್ತಿಕೊಂಡರೂ ಬಾಯಿ ತೆರೆಯಲಿಲ್ಲ. ಏನನ್ನೋ ಕಾಯುವವರ ಹಾಗೆ ಕಣ್ಣು ತೆರೆದು ಸೂರು ನೋಡುತ್ತಿದ್ದರು. ಸಾಕಷ್ಟು ಹೊತ್ತಾದ ಮೇಲೆ "ಏಳೂ" ಎಂದರು.

ಹನ್ನೆರಡು ಮುಗಿದಾಗ ಬಾಗಿಲಲ್ಲಿ ನಿಂತವನನ್ನು ಕಂಡು ಮಗ್ಗುಲಾಗಿ, ಕೈಯೂರಿ ಎದ್ದರು.

"ಓ, ಬನ್ನಿ ಯಜಮಾನ್ರೇ! ನೀವೂ ಶುರು ಮಾಡ್ತೀರಾ?"

"ಇಲ್ಲ, ಇಲ್ಲ. ಅದು... ಆರಾದ್ಮೇಲೆ ಯಾಕೆ ನಿಲ್ಲಿಸಿದ್ರಿ? ಮರೆತೋಯ್ತಾ?"

"ಮರೆಯೋದಾ? ಆರರ ತನಕ ಬಲಗಾಲು, ಏಳರಿಂದ ಎಡಗಾಲು. ನಿಮ್ಮ ಮನೆಯವರಿಗೆ ಎಡಗಾಲು ಎತ್ತೋಕೆ ತಡವಾಗುತ್ತಂತೆ. ಸೊಂಟ ಆ ಕಡೆಗೇ ಹಿಡಿದಿರೋದಲ್ವಾ? ಅದಕ್ಕೇ ಅವರ ಕಾಲು ಬರೋವರೆಗೂ ಕಾದು ಏಳು ಅಂತೀನಿ."

ಹಾಸಿಗೆಯಣ್ಣ ಮೆಟ್ಟಿಲು ಹೇಗೆ ಇಳಿದನೋ ಅವನಿಗೇ ಗೊತ್ತಾಗಲಿಲ್ಲ. ಎಡಗಾಲು! ಅವಳ ಎಡಗಾಲು! ಮೂವತ್ತೊಂದು ವರ್ಷ ಒಂದೇ ಮಂಚದಲ್ಲಿ ಮಲಗಿದವನಿಗೆ ಅವಳ ಯಾವ ಕಾಲು ತಡ ಎನ್ನುವುದು ತಿಳಿಯದು, ಹಲಗೆಯ ಆ ಕಡೆ ಕಣ್ಣುಮುಚ್ಚಿ ಬಿದ್ದ ಹಲ್ಲಿಲ್ಲದ ಮುದುಕನಿಗೆ ತಿಳಿದಿದೆ. ಅವರು ಎಂದಾದರೂ ಅವಳತ್ತ ಕೆಟ್ಟ ದೃಷ್ಟಿ ಬೀರಿದ್ದರೆ ಜಗಳವಾಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಇದಕ್ಕೆ ಯಾರ ಮೇಲೆ ಜಗಳ ಕಾಯುವುದು?

ಕೈಲಾಗುವುದು ಅವನಿಗೆ ಒಂದೇ ಇತ್ತು. ಅಂದೇ ಅಂಗಡಿಯ ಅರ್ಧ ಬಾಗಿಲು ಎಳೆದ. ಊರಲ್ಲಿ ಯಾರಿಗೂ ಮಾಡಿಕೊಡದಂಥ ಹಾಸಿಗೆ ಮಾಡುತ್ತೇನೆ, ಮೆತ್ತಗಲ್ಲ, ನೆಲದಷ್ಟೇ ಗಟ್ಟಿಯಾದದ್ದು. ಅವಳು ಮಲಗಿ ನೋಡಿ, ತಾನೇ ಚಾಪೆ ಸುತ್ತಿ ಮೂಲೆಗಿಡಬೇಕು. ಮೇಷ್ಟ್ರು ವಾಪಸು ಕೊಟ್ಟ ಹಾಸಿಗೆಯ ಹತ್ತಿ ಹೇಗೂ ಇದೆ, ಮಂಚದ ಮೇಲಿನ ಹಳೆಯದನ್ನೂ ಬಿಚ್ಚಿ ಎರಡನ್ನೂ ಕೂಡಿಸಿ ಹಿಂಜಿದರೆ ಬೇಕಾದಷ್ಟು ದಪ್ಪ ಬರುತ್ತದೆ ಎಂದು ಲೆಕ್ಕ ಹಾಕಿದ. ಹೆಂಡತಿ ಪೇಟೆಗೆ ಹೋಗಿದ್ದಳು. ಎರಡೂ ಹಾಸಿಗೆಗಳನ್ನು ಅಂಗಡಿಯ ನೆಲದ ಮೇಲೆ ಪಕ್ಕಪಕ್ಕ ಹಾಸಿದ.

ಮೊದಲು ಮೇಷ್ಟ್ರದನ್ನು ಕತ್ತರಿಸಿದ. ಹತ್ತಿ ಹಾಲಿನ ಬಿಳುಪು, ಬೀಜವಿಲ್ಲ, ಕಸವಿಲ್ಲ, ತಲೆಯಿಂದ ಕಾಲಿನವರೆಗೆ ಒಂದೇ ಸಮ. ಕಸುಬುದಾರಿಕೆ ಎಂದರೆ ಹೀಗಿರಬೇಕು ಎಂದುಕೊಂಡ, ತನ್ನ ಕೈಯನ್ನೇ ಮೆಚ್ಚಿಕೊಂಡ.

ಆಮೇಲೆ ಮನೆಯದನ್ನು ಕತ್ತರಿಸಿದ.

ಒಳಗಿನಿಂದ ಬಂದದ್ದನ್ನು ಹತ್ತಿ ಎನ್ನಲಿಕ್ಕೆ ಬಾಯಿ ಬರುವಂತಿರಲಿಲ್ಲ. ಬೂದುಬಣ್ಣದ ಉಂಡೆಗಳು. ನಡುನಡುವೆ ಬೀಜ, ನೂಲಿನ ತುಂಡು, ಹರಿದ ಗೋಣಿ ಚೀಲದ ನಾರು, ಯಾರದೋ ಹಳೆಯ ದಿಂಬಿನ ಹೊಟ್ಟೆ. ಅಂಗಡಿಯ ನೆಲ ಗುಡಿಸಿ ಮೂಲೆಗೆ ಒಟ್ಟಿದ್ದೆಲ್ಲ ಅದರಲ್ಲಿತ್ತು. ಅವನ ಬದಿಯಲ್ಲಿ ಅಷ್ಟಿಷ್ಟು ಎತ್ತರವಾದರೂ ಉಳಿದಿತ್ತು. ಅವಳ ಬದಿಯಲ್ಲಿ ಸೊಂಟ ಬರುವ ಜಾಗದಲ್ಲಿ ಗವಸಿಗೆ ಗವಸು ಅಂಟಿಕೊಂಡು, ಅತ್ತಿತ್ತ ಕಲ್ಲಿನ ಹಾಗೆ ಎರಡು ಗಂಟುಗಳು ನಿಂತಿದ್ದವು.

ಅವನಿಗೆ ನೆನಪಾಯಿತು. ಮದುವೆಯ ವಾರ ಒಂದು ಆಸ್ಪತ್ರೆಯ ಕೆಲಸ ಮೈಮೇಲೆ ಬಂದಿತ್ತು. ಒಳ್ಳೆಯ ಹತ್ತಿಯೆಲ್ಲ ಅಲ್ಲಿಗೆ ಹೋಗಿತ್ತು. ಅಳಿದುಳಿದದ್ದನ್ನು ಬಾಚಿ ತುಂಬುತ್ತ ಹೊಸ ಹೆಂಡತಿಗೆ ಹೇಳಿದ್ದ, "ಸದ್ಯಕ್ಕೆ ಇದಿರ್ಲಿ. ಬಿಡುವಾದಾಗ ನಿಂಗೊಂದು ಒಳ್ಳೇದು ಮಾಡ್ಕೊಡ್ತೀನಿ." ಮೂರು ವರ್ಷಕ್ಕೊಮ್ಮೆ ಬಿಚ್ಚಿಸಿ ಎಂದು ಊರಿಗೆಲ್ಲ ಹೇಳಿದವನಿಗೆ ಮನೆಯದನ್ನು ಒಮ್ಮೆಯೂ ಬಿಚ್ಚಲು ಬಿಡುವಾಗಿರಲಿಲ್ಲ. ಆಸ್ಪತ್ರೆಗೆ ಒಳ್ಳೆಯದು, ಹಾಸ್ಟೆಲ್ಲಿಗೆ ಒಳ್ಳೆಯದು. ತಾನು ಹೊಟ್ಟೆಕಿಚ್ಚುಪಡುತ್ತಿದ್ದ ಮನುಷ್ಯನಿಗೆ ಎಲ್ಲಕ್ಕಿಂತ ಒಳ್ಳೆಯದು, ಅದೂ ತನ್ನ ಕೈಯಿಂದಲೇ.

ಹೆಂಡತಿ ಚೀಲ ಹಿಡಿದು ಬಾಗಿಲಲ್ಲಿ ನಿಂತದ್ದು ಅವನಿಗೆ ತಡವಾಗಿ ಗೊತ್ತಾಯಿತು. ಅವಳು ಎರಡೂ ಹಾಸಿಗೆಗಳನ್ನು ನೋಡಿದಳು. ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದ.

"ಗೊತ್ತಿಲ್ದೆ ಏನು? ಇದರ ಬಾಯಿ ಹೊಲಿದವಳು ನಾನೇ ಅಲ್ವಾ."

"ಮತ್ತೆ ಬಾಯಿಬಿಟ್ಟು ಒಂದು ಮಾತು ಹೇಳೋದಲ್ವಾ? ಮೇಷ್ಟ್ರಿಗಾದ್ರೆ ಎಡಗಾಲು, ಬಲಗಾಲು ಎಲ್ಲಾ ಹೇಳ್ತೀಯ!"

ಅವಳಿಗೆ ನಗು ಬಂತು. ಆಮೇಲೆ ಅದು ಮುಖದಿಂದ ಇಳಿದುಹೋಯಿತು. "ಅವರು ಕೇಳಿದ್ರು ರೀ. ಎಲ್ಲಿ ನೋಯುತ್ತೆ ಅಂತ ಕೇಳಿದ್ರು, ಹೇಳ್ದೆ. ನೀವು ಕೇಳಿದ್ರೆ ನಿಮಗೂ ಹೇಳ್ತಿದ್ದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ವಾದಿಸಲು ಏನಾದರೂ ಸಿಗುತ್ತಿತ್ತು. ಕತ್ತರಿ ಕೆಳಗಿಟ್ಟ. ಹುಬ್ಬಿನ ಮೇಲಿನ ಹತ್ತಿಯನ್ನು ಒರೆಸಿಕೊಂಡ.

"ಎಲ್ಲಿ ನೋಯುತ್ತೆ?" ಎಂದು ಕೇಳಿದ.

"ಈಗ ಎಲ್ಲೂ ಇಲ್ಲ. ಹೋಗಿ ನಾಲ್ಕೈದು ದಿನ ಆಯ್ತು," ಎಂದು ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು.

ಅದಾದ ಮೇಲೆ ಅವನು ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ಹಾಸಿಗೆಯ ಕಸವನ್ನು ಸುಟ್ಟುಹಾಕಿದ. ಮೇಷ್ಟ್ರ ಹತ್ತಿಯನ್ನು ಚಹಾ ಅಂಗಡಿಯವನ ಅತ್ತೆಯ ಹಾಸಿಗೆಗೆ ತುಂಬಿ ಕಳಿಸಿದ, ಅದರ ಒಂದು ಎಳೆಯೂ ತನ್ನ ಮಂಚಕ್ಕೆ ಬರಕೂಡದು ಎನ್ನುವ ಹಟ. ಹೊಸ ಹತ್ತಿ ತಂದು, ಹಿಂಜಿ, ಬಿಗಿಯಾಗಿ ತುಂಬಿ, ದಬ್ಬಣದಿಂದ ಸಾಲುಸಾಲು ಹೊಲಿಗೆ ಹಾಕಿದ. ಗವಸನ್ನೂ ತಾನೇ ಹೊಲಿದ. ಅಂಚು ಸ್ವಲ್ಪ ಸೊಟ್ಟಗಾಯಿತು. ಅವಳು ಕೈಯಾಡಿಸಿ ನೋಡಿ, ಸೊಟ್ಟ ಅಂಚಿನ ಬಗ್ಗೆ ಏನೂ ಹೇಳದೆ, ಚಾಪೆಯನ್ನು ಮಂಚದ ಕೆಳಗೆ ತಳ್ಳಿ ಮೇಲೆ ಹತ್ತಿ ಮಲಗಿದಳು. ಹಾಸಿಗೆಯಣ್ಣನಿಗೆ ಊರು ಗೆದ್ದಷ್ಟು ಸಂತೋಷವಾಯಿತು.

ಬೆಳಗ್ಗೆ ಆರಕ್ಕೆ ಕೋಲಿನ ಸದ್ದು ಕೇಳುತ್ತಲೇ ಅವಳು ಇಳಿದು, ಚಾಪೆ ಎಳೆದು ನೆಲದ ಮೇಲೆ ಮಲಗಿದಳು.

"ಮತ್ತೆ ನೆಲವಾ? ನೋವು ಹೋಯ್ತು ಅಂದಿದ್ದೆ!"

"ನೋವು ಹೋಯ್ತು ಅಂತ ಬಿಟ್ರೆ ತಿರುಗಿ ಬರುತ್ತೆ. ಇದು ದಿನಾ ಇರೋದೇ ಇನ್ನು."

"ಹಾಗಾದ್ರೆ ನಾನು ಎಣಿಸ್ತೀನಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. "ಎಣಿಸಿ. ಆದ್ರೆ ಹತ್ತಿ ಹೊಡೆಯೋ ಹಾಗಲ್ಲ, ನಿಧಾನಕ್ಕೆ."

ಹಾಸಿಗೆಯಣ್ಣ ಅವಳ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಗಂಟಲು ಸರಿಮಾಡಿಕೊಂಡು, ಮಾಡಿನತ್ತ ಒಮ್ಮೆ ದುರುಗುಟ್ಟಿ ನೋಡಿ, ಗಟ್ಟಿಯಾಗಿ ಶುರುಮಾಡಿದ. ಮೇಲಿನ ದನಿಯ ಮೇಲೆ ದನಿ ಏರಿಸಿ ಒಂದು, ಎರಡು, ಮೂರು ಎಂದ. ಆರರ ತನಕ ಅವನದೇ ಮುಂದು. ಬಲಗಾಲು ಕೆಳಗಿಳಿಯಿತು. ಏಳು ಎನ್ನಲು ಬಾಯಿ ತೆರೆದವನು ತಡೆದುಕೊಂಡ. ಅವಳ ಎಡಗಾಲು ಇನ್ನೂ ನೆಲದಲ್ಲೇ ಇತ್ತು. ಮೆಲ್ಲಗೆ ಮಂಡಿ ಮಡಚಿತು. ನೋವಿಲ್ಲದಿದ್ದರೂ ನೋವಿನ ಭಯ ಇನ್ನೂ ಇದ್ದಂತೆ, ನಡುವೆ ಒಮ್ಮೆ ನಿಂತಿತು. ಅವನು ಏಳನ್ನು ಬಾಯಲ್ಲೇ ಹಿಡಿದುಕೊಂಡು ಆ ಕಾಲನ್ನೇ ನೋಡುತ್ತ ಕೂತ. ಮಂಡಿ ಮೇಲೆ ಬಂತು, ಅವಳ ಎರಡೂ ಕೈ ಅದನ್ನು ಹಿಡಿದವು.

"ಏಳು," ಅಂದ.

ಅದೇ ಕ್ಷಣಕ್ಕೆ, ಒಂದು ಕೂದಲೆಳೆಯಷ್ಟೂ ಹಿಂದೆಮುಂದೆ ಆಗದೆ, ಮೇಲಿನಿಂದಲೂ ಬಂತು. "ಏಳೂ."

ಕಾಲನ್ನು ಕಣ್ಣೆದುರಿಗಿಟ್ಟುಕೊಂಡು ತಾನು ಹೇಳಿದ್ದನ್ನು ಆ ಮನುಷ್ಯ ಕಾಣದೆಯೇ ಹೇಳಿಬಿಟ್ಟನಲ್ಲ ಎಂದು ಹಾಸಿಗೆಯಣ್ಣನ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು. ಅವಳ ಕಾಲಿನ ಮೇಲಿಂದ ಮಾತ್ರ ಕಣ್ಣು ತೆಗೆಯಲಿಲ್ಲ.

"ಎಂಟು," ಅಂದ, ಇನ್ನೂ ನಿಧಾನಕ್ಕೆ.